ಮಾಂಟ್ರಿಯಲ್: ಎರಡು ಭಾಷೆಗಳ ನಡುವೆ ಒಂದು ಬೀದಿ

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿರುವ ನೆಂಟರಿಗೆ ನೀವೊಂದು ಪತ್ರ ಬರೆಯುತ್ತೀರಿ ಎಂದಿಟ್ಟುಕೊಳ್ಳಿ. ಮನೆಯ ಸಂಖ್ಯೆ, ಬೀದಿಯ ಹೆಸರು ಬರೆದರಷ್ಟೇ ಸಾಲದು. ಅದು ಪೂರ್ವವೋ ಪಶ್ಚಿಮವೋ ಎಂದೂ ಬರೆಯಬೇಕು. ಬರೆಯದೆ ಹೋದರೆ ಅಂಚೆಯವನಿಗೆ ಪೇಚಾಟ. ಏಕೆಂದರೆ ಊರಿನ ಉದ್ದದ ಬೀದಿಗಳಲ್ಲಿ ಒಂದೇ ಸಂಖ್ಯೆಯ ಮನೆ ಎರಡು ಕಡೆ ಇರುತ್ತದೆ. ಎಣಿಕೆ ಪ್ರಾರಂಭವಾಗುವುದು ನಡುವಿನ ಒಂದು ಬೀದಿಯಿಂದ. ಫ್ರೆಂಚರ ಬಾಯಲ್ಲಿ ಅದು ಸ್ಯಾಂ-ಲೋರಾಂ, ಇಂಗ್ಲಿಷರ ಬಾಯಲ್ಲಿ ಸೇಂಟ್ ಲಾರೆನ್ಸ್. ಎರಡೂ ಬೇಡವೆಂದು ಊರವರು ಇಟ್ಟುಕೊಂಡ ಅಡ್ಡಹೆಸರು 'ಮೇನ್'.

ಸುಮಾರು 11 ಕಿಲೋಮೀಟರ್ ಉದ್ದದ ಈ ಬೀದಿ ಬರಿಯ ಅಂಚೆಯ ಗಡಿಯಲ್ಲ. ಬಹುಕಾಲ ಇದರ ಪೂರ್ವಕ್ಕೆ ಫ್ರೆಂಚ್ ಮಾತಾಡುವವರು, ಪಶ್ಚಿಮಕ್ಕೆ ಇಂಗ್ಲಿಷ್ ಮಾತಾಡುವವರು ವಾಸಿಸಿದರು. ಹೊರದೇಶಗಳಿಂದ ಹಡಗಿಳಿದು ಬಂದವರಿಗೆ ಆ ಕಡೆಯೂ ಜಾಗವಿರಲಿಲ್ಲ, ಈ ಕಡೆಯೂ ಇರಲಿಲ್ಲ. ಅವರು ನಡುವಿನ ಈ ಬೀದಿಯಲ್ಲೇ ಮನೆ ಮಾಡಿದರು. ಚೀನೀಯರು, ಯಹೂದಿಗಳು, ಇಟಲಿಯವರು, ಪೋರ್ಚುಗೀಸರು, ಗ್ರೀಕರು ಹೀಗೆ ಒಬ್ಬರ ಹಿಂದೆ ಒಬ್ಬರು ಬಂದು, ಬೀದಿಯ ಒಂದೊಂದು ತುಂಡನ್ನು ತಮ್ಮದಾಗಿಸಿಕೊಂಡರು. ಬಂದವರಿಗೆಲ್ಲ ಎದುರಾದ ಪ್ರಶ್ನೆ ಮಾತ್ರ ಒಂದೇ. ಮಕ್ಕಳನ್ನು ಯಾವ ಭಾಷೆಯ ಶಾಲೆಗೆ ಸೇರಿಸುವುದು?

ಶಿಕ್ಷಣ ಮಾಧ್ಯಮದ ಜಗಳ ಕನ್ನಡಿಗರಿಗೆ ಹೊಸದಲ್ಲ. ಆದರೆ ಒಂದು ನಗರದ ಕೇರಿಕೇರಿಯ ಚಹರೆಯನ್ನು ಆ ಪ್ರಶ್ನೆ ಹೇಗೆ ಬದಲಿಸಬಲ್ಲದು ಎಂಬುದನ್ನು ಕಾಣಲು ಮಾಂಟ್ರಿಯಲ್‌ಗಿಂತ ಒಳ್ಳೆಯ ಊರು ಸಿಗಲಾರದು.

ಮೊದಲು ಊರಿನ ಸ್ಥಳವನ್ನು ತಿಳಿಯೋಣ. ಮಾಂಟ್ರಿಯಲ್ ಒಂದು ದ್ವೀಪ, ಆದರೆ ಸಮುದ್ರದ ದ್ವೀಪವಲ್ಲ. ಒಟ್ಟಾವಾ ನದಿ ಸೇಂಟ್ ಲಾರೆನ್ಸ್ ಮಹಾನದಿಯನ್ನು ಸೇರುವಲ್ಲಿ, ನೀರು ಸುತ್ತುವರಿದ ಸುಮಾರು 50 ಕಿಲೋಮೀಟರ್ ಉದ್ದದ ನೆಲ. ನಡುವೆ 233 ಮೀಟರ್ ಎತ್ತರದ ಒಂದು ಗುಡ್ಡ. 1535ರಲ್ಲಿ ಇಲ್ಲಿಗೆ ಬಂದ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೆ ಅದನ್ನು ರಾಜಗಿರಿ, ಅಂದರೆ 'ಮೋಂ ರೊಯಾಲ್' ಎಂದು ಕರೆದ. ಊರಿನ ಹೆಸರೂ ಅದರಿಂದಲೇ ಹುಟ್ಟಿತು. ಆಗ ಗುಡ್ಡದ ಬುಡದಲ್ಲಿ ಹೊಚೆಲಾಗಾ ಎಂಬ ಮೂಲನಿವಾಸಿಗಳ ಹಳ್ಳಿಯಿತ್ತು. ಈ ಗುಡ್ಡ ಆರಿಹೋದ ಜ್ವಾಲಾಮುಖಿ ಎಂದು ಊರಿನ ಎಷ್ಟೋ ಮಕ್ಕಳು ನಂಬಿದ್ದಾರೆ. ಅದು ಪೂರ್ತಿ ಸರಿಯಲ್ಲ. ಸುಮಾರು ಹನ್ನೆರಡು ಕೋಟಿ ವರ್ಷಗಳ ಹಿಂದೆ ಭೂಮಿಯ ಒಳಗಿನ ಶಿಲಾರಸ ಮೇಲೇರಿ ಬಂದು, ನೆಲದೊಳಗೇ ತಣ್ಣಗಾಗಿ ಗಟ್ಟಿಯಾಯಿತು. ಮೇಲಿದ್ದ ಮೆತ್ತನೆಯ ಪದರಶಿಲೆಗಳು ಕಾಲಕ್ರಮೇಣ ಸವೆದುಹೋದವು, ಗಟ್ಟಿ ಕಲ್ಲು ಉಳಿಯಿತು. ಉಳಿದದ್ದೇ ಗುಡ್ಡ.

ಇನ್ನೊಂದು ತಮಾಷೆ ಇದೆ. ನಗರದವರು 'ಉತ್ತರ' ಎನ್ನುವ ದಿಕ್ಕು ನಿಜವಾದ ಉತ್ತರವಲ್ಲ. ಬೀದಿಗಳನ್ನು ನದಿಗೆ ಹೊಂದಿಸಿ ಹಾಕಿದ್ದಾರೆ, ನದಿಯೋ ಇಲ್ಲಿ ಓರೆಯಾಗಿ ಹರಿಯುತ್ತದೆ. ಹೀಗಾಗಿ ಅವರ ಉತ್ತರ ವಾಯವ್ಯವನ್ನೂ ದಾಟಿ ಪಶ್ಚಿಮದ ಕಡೆಗೆ ವಾಲಿದೆ. ಬೇಸಿಗೆಯ ಸಂಜೆ ಮೇನ್ ಬೀದಿಯ 'ಉತ್ತರ'ದ ತುದಿಯಲ್ಲಿ ಸೂರ್ಯ ಮುಳುಗುವುದನ್ನು ಕಾಣಬಹುದು! ವಿದ್ಯಾರ್ಥಿಗಳು ಊರಿನ ನಕ್ಷೆಯೊಂದನ್ನು ಹಿಡಿದು ಕೋನಮಾಪಕವಿಟ್ಟು ಇದನ್ನು ತಾವೇ ಪರೀಕ್ಷಿಸಬಹುದು.

ಫ್ರೆಂಚರು 1642ರ ಮೇ ತಿಂಗಳಲ್ಲಿ ಇಲ್ಲಿ ಊರು ಕಟ್ಟಿದರು. ದಳಪತಿ ಮೇಸೊನ್ಯವ್ ಅವನ ಜೊತೆಗೆ, ಇಲ್ಲಿನ ಮೊದಲ ಆಸ್ಪತ್ರೆಯನ್ನು ತೆರೆದ ಜಾನ್ ಮಾನ್ಸ್ ಎಂಬ ಮಹಿಳೆಯೂ ಸ್ಥಾಪಕಿಯೆಂದು ಗೌರವ ಪಡೆದಿದ್ದಾಳೆ. 1760ರಲ್ಲಿ ಊರು ಬ್ರಿಟಿಷರಿಗೆ ಶರಣಾಯಿತು. ರೈತರು, ಕೂಲಿಕಾರರು, ಪಾದ್ರಿಗಳು ಫ್ರೆಂಚರಾಗಿ ಉಳಿದರು. ವ್ಯಾಪಾರ, ಬ್ಯಾಂಕು, ರೈಲು, ಹಡಗು ಇಂಗ್ಲಿಷರ ಕೈಸೇರಿದವು. ಹತ್ತೊಂಬತ್ತನೆಯ ಶತಮಾನದ ನಡುವೆ ಕೆಲವು ದಶಕ ಊರಿನಲ್ಲಿ ಇಂಗ್ಲಿಷ್ ಮಾತಾಡುವವರೇ ಬಹುಸಂಖ್ಯಾತರಾಗಿದ್ದರೆಂಬುದು ಇಂದು ಅನೇಕರಿಗೆ ಮರೆತಿದೆ. ಆಮೇಲೆ ಹಳ್ಳಿಗಳಿಂದ ಕಾರ್ಖಾನೆ ಕೆಲಸಕ್ಕೆ ಬಂದ ಫ್ರೆಂಚರು ಆ ಲೆಕ್ಕವನ್ನು ತಿರುಗಿಸಿದರು.

ಮೇನ್ ಬೀದಿಯ ಏರಿನಲ್ಲಿ

ಹಳೆಯ ಬಂದರಿನಿಂದ ಹೊರಟು ಮೇನ್ ಬೀದಿಯನ್ನು ಏರುತ್ತ ಹೋದರೆ ಮೊದಲು ಸಿಗುವುದು ಚೀನೀಯರ ಕೇರಿ. ಖಂಡದುದ್ದಕ್ಕೂ ರೈಲುಹಳಿ ಹಾಕಲು ಬಂದು, ಕೆಲಸ ಮುಗಿದ ಮೇಲೆ ಪೂರ್ವದ ನಗರಗಳಿಗೆ ಸರಿದವರು ಇಲ್ಲಿ ಬಟ್ಟೆ ಒಗೆಯುವ ಅಂಗಡಿಗಳನ್ನು ಇಟ್ಟರು. ಒಳಬರುವ ಪ್ರತಿ ಚೀನೀಯನ ಮೇಲೆ ಕೆನಡಾ ಸರ್ಕಾರ 1885ರಲ್ಲಿ 50 ಡಾಲರ್ ತಲೆಗಂದಾಯ ಹಾಕಿತು. 1903ರ ಹೊತ್ತಿಗೆ ಅದು 500 ಡಾಲರ್ ಆಗಿತ್ತು. 1923ರಿಂದ 1947ರವರೆಗೆ ಬರುವುದನ್ನೇ ಬಹುತೇಕ ನಿಷೇಧಿಸಲಾಯಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದ ಗಂಡಸರ ಕೇರಿಯಾಗಿ ಅದು ಬಹುಕಾಲ ಉಳಿಯಿತು. ಅಲ್ಲಿ ಶಾಲೆಯ ಪ್ರಶ್ನೆ ಹುಟ್ಟಲು ಮಕ್ಕಳೇ ಕಡಿಮೆ.

ಶೆರ್ಬ್ರುಕ್ ಬೀದಿಯನ್ನು ದಾಟಿದ ಮೇಲೆ ಯಹೂದಿಗಳ ಹಳೆಯ ನೆಲೆ. ರಷ್ಯಾ, ಪೋಲೆಂಡ್, ರುಮೇನಿಯಾಗಳಲ್ಲಿ ಕಿರುಕುಳ ತಾಳಲಾರದೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಾವಿರಾರು ಜನ ಇಲ್ಲಿಗೆ ಬಂದರು. ಹೆಚ್ಚಿನವರು ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ದುಡಿದರು. ಮನೆಯ ಮಾತು ಯಿಡ್ಡಿಷ್. ಎಷ್ಟೋ ದಶಕಗಳ ಕಾಲ ಫ್ರೆಂಚ್, ಇಂಗ್ಲಿಷ್ ಬಿಟ್ಟರೆ ಊರಿನ ಮೂರನೆಯ ಭಾಷೆ ಅದೇ ಆಗಿತ್ತು. 1914ರಲ್ಲಿ ಅವರು ಸ್ಥಾಪಿಸಿದ ಯಹೂದಿ ಸಾರ್ವಜನಿಕ ಗ್ರಂಥಾಲಯ ಇಂದಿಗೂ ಇದೆ.

ಈ ಮಕ್ಕಳು ಕಲಿತದ್ದು ಮಾತ್ರ ಇಂಗ್ಲಿಷಿನಲ್ಲಿ. ಏಕೆ? ಕ್ವಿಬೆಕ್ ಪ್ರಾಂತದಲ್ಲಿ ಆಗ ಶಾಲೆಗಳು ಭಾಷೆಯ ಮೇಲಲ್ಲ, ಮತದ ಮೇಲೆ ಹಂಚಿಹೋಗಿದ್ದವು. ಕ್ಯಾಥೊಲಿಕ್ ಶಾಲೆಗಳು ಬಹುಪಾಲು ಫ್ರೆಂಚ್, ಪ್ರಾಟೆಸ್ಟೆಂಟ್ ಶಾಲೆಗಳು ಇಂಗ್ಲಿಷ್. ಯಹೂದಿಗಳು ಎರಡೂ ಅಲ್ಲವಲ್ಲ! 1903ರ ಕಾಯಿದೆಯೊಂದು ಶಾಲೆಯ ಮಟ್ಟಿಗೆ ಅವರನ್ನು ಪ್ರಾಟೆಸ್ಟೆಂಟರೆಂದೇ ಎಣಿಸಬೇಕೆಂದಿತು. ಗ್ರೀಕ್ ಸಂಪ್ರದಾಯದ ಕ್ರೈಸ್ತರೂ ಮುಂದೆ ಅದೇ ದಾರಿ ಹಿಡಿದರು. ಕ್ಯಾಥೊಲಿಕರಲ್ಲದವರಿಗೆ ಫ್ರೆಂಚ್ ಶಾಲೆಯ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ವಲಸೆ ಬಂದವರು ನಮ್ಮ ಭಾಷೆ ಕಲಿಯುವುದಿಲ್ಲವೆಂದು ಮುಂದೆ ಫ್ರೆಂಚರು ದೂರಿದಾಗ, ಆ ಬಾಗಿಲನ್ನು ಮೊದಲು ಹಾಕಿದ್ದು ಯಾರು ಎಂಬುದನ್ನು ನೆನೆಯಬೇಕಾಗುತ್ತದೆ.

ಮೇನ್ ಬೀದಿಗೆ ಸಮಾನಾಂತರವಾದ ಸೇಂಟ್ ಅರ್ಬನ್ ಬೀದಿಯಲ್ಲಿ 1921ರಲ್ಲಿ ತೆರೆದ ಬ್ಯಾರನ್ ಬಿಂಗ್ ಪ್ರೌಢಶಾಲೆ ಹೆಸರಿಗೆ ಪ್ರಾಟೆಸ್ಟೆಂಟ್, ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಯಹೂದಿಗಳು. ಹೊಲಿಗೆಯವರ, ತಳ್ಳುಗಾಡಿಯವರ ಮಕ್ಕಳು ಓದಿದ ಈ ಶಾಲೆಯಿಂದ ಕಾದಂಬರಿಕಾರ ಮೊರ್ಡೆಕಾಯ್ ರಿಚ್ಲರ್, ಕವಿ ಇರ್ವಿಂಗ್ ಲೇಟನ್ ಬಂದರು. ರಸಾಯನಶಾಸ್ತ್ರದಲ್ಲಿ 1992ರ ನೊಬೆಲ್ ಬಹುಮಾನ ಪಡೆದ ರುಡಾಲ್ಫ್ ಮಾರ್ಕಸ್ ಕೂಡ ಇಲ್ಲಿನ ವಿದ್ಯಾರ್ಥಿಯೇ. ಒಂದು ಅಣುವಿನಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ನೆಗೆಯುವ ವೇಗವನ್ನು ಲೆಕ್ಕ ಹಾಕುವ ಸಿದ್ಧಾಂತ ಅವರದು. ಎಲೆಯ ದ್ಯುತಿಸಂಶ್ಲೇಷಣೆಯಿಂದ ಕಬ್ಬಿಣದ ತುಕ್ಕಿನವರೆಗೆ ಅದು ಅನ್ವಯಿಸುತ್ತದೆ. 1980ರಲ್ಲಿ ಶಾಲೆ ಮುಚ್ಚಿತು. ಆ ಹೊತ್ತಿಗೆ ಯಹೂದಿ ಕುಟುಂಬಗಳು ಪಶ್ಚಿಮದ ಬಡಾವಣೆಗಳಿಗೆ ಹೋಗಿಯಾಗಿತ್ತು.

ಹೋದವರು ಒಂದು ರುಚಿಯನ್ನು ಬಿಟ್ಟುಹೋಗಿದ್ದಾರೆ. ಮೈಲ್ ಎಂಡ್ ಎಂಬ ಬಡಾವಣೆಯಲ್ಲಿ ಫೇರ್‌ಮೌಂಟ್, ಸೇಂಟ್ ವಿಯಾಟರ್ ಬೀದಿಗಳಲ್ಲಿರುವ ಬೇಗಲ್ ಅಂಗಡಿಗಳು ಹಗಲಿರುಳು ಜನರನ್ನು ಸೆಳೆಯುತ್ತವೆ. ಬೇಗಲ್ ಎಂದರೆ ನಮ್ಮ ಕೋಡುಬಳೆಯನ್ನು ದಪ್ಪನಾಗಿಸಿ ಎಳ್ಳು ಮೆತ್ತಿದಂತೆ ಕಾಣುವ ರೊಟ್ಟಿ. ನಾದಿದ ಹಿಟ್ಟಿನ ಬಳೆಯನ್ನು ಮೊದಲು ಜೇನು ಬೆರೆಸಿದ ನೀರಿನಲ್ಲಿ ಕುದಿಸಿ, ಆಮೇಲೆ ಕಟ್ಟಿಗೆಯ ಒಲೆಯಲ್ಲಿ ಸುಡುತ್ತಾರೆ. ಕುದಿಸುವುದರಿಂದ ಹೊರಮೈಯ ಪಿಷ್ಟ ಅಂಟಾಗಿ ತೊಗಟೆಯಂತೆ ಬಿಗಿಯುತ್ತದೆ, ಒಳಗಿನ ಹಿಟ್ಟು ಬ್ರೆಡ್ಡಿನಷ್ಟು ಉಬ್ಬಲಾರದು. ಜೇನಿನ ಸಕ್ಕರೆ ಒಲೆಯ ಶಾಖಕ್ಕೆ ಕಂದುಬಣ್ಣ, ಹೊಳಪು ಕೊಡುತ್ತದೆ. ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಗಗನಯಾತ್ರಿ ಗ್ರೆಗರಿ ಶಾಮಿಟಾಫ್ 2008ರಲ್ಲಿ ಇವನ್ನು ಬಾಹ್ಯಾಕಾಶ ನಿಲ್ದಾಣಕ್ಕೂ ಒಯ್ದಿದ್ದರು.

ಇದೇ ಬಡಾವಣೆಯಲ್ಲಿ ದೊಡ್ಡ ಗುಮ್ಮಟವೂ ಮಿನಾರಿನಂಥ ಗೋಪುರವೂ ಇರುವ ಕಟ್ಟಡವೊಂದನ್ನು ಕಂಡು ಹೊಸಬರು ಮಸೀದಿಯೆಂದೇ ತಿಳಿಯುತ್ತಾರೆ. ಅದು ಐರಿಷ್ ಕ್ಯಾಥೊಲಿಕರು 1915ರಲ್ಲಿ ಕಟ್ಟಿಸಿದ ಚರ್ಚು. ಐರಿಷರು ಹೋದ ಮೇಲೆ ಪೋಲೆಂಡಿನವರು ಬಂದು ತಮ್ಮ ಸಂತನ ಹೆಸರನ್ನೂ ಸೇರಿಸಿದರು. ಹಳೆಯ ಪಾತ್ರೆಗೆ ಹೊಸ ಅಡಿಗೆ. ಮೇನ್ ಬೀದಿಯ ಆಸುಪಾಸಿನ ಎಲ್ಲ ಕಟ್ಟಡಗಳ ಕಥೆಯೂ ಹೀಗೆಯೇ.

ಪೋರ್ಚುಗೀಸರ ತುಂಡನ್ನೂ ರೈಲುಸೇತುವೆಯನ್ನೂ ದಾಟಿದರೆ 'ಪುಟ್ಟ ಇಟಲಿ'. 1933ರಲ್ಲಿ ತೆರೆದ ಜಾನ್-ತಾಲೋಂ ಮಾರುಕಟ್ಟೆಯ ತರಕಾರಿ ರಾಶಿಗಳು, ಕಾಫಿಯ ಘಮ. ಇಲ್ಲಿನ ಚರ್ಚಿನ ಒಳಛಾವಣಿಯ ಚಿತ್ರದಲ್ಲಿ ಕುದುರೆಯೇರಿದ ಮುಸ್ಸೊಲಿನಿ ಇದ್ದಾನೆ! 1929ರಲ್ಲಿ ಪೋಪರೊಡನೆ ಅವನು ಮಾಡಿಕೊಂಡ ಒಪ್ಪಂದದ ನೆನಪಿಗೆ ಬರೆಸಿದ್ದು. ಮಹಾಯುದ್ಧದಲ್ಲಿ ಇಟಲಿ ಶತ್ರುರಾಷ್ಟ್ರವಾದಾಗ ಚಿತ್ರ ಬರೆದ ಗೈಡೊ ನಿಂಕೇರಿಯನ್ನು ಸರ್ಕಾರ ಬಂಧನದಲ್ಲಿಟ್ಟಿತು. ಚಿತ್ರ ಮಾತ್ರ ಹಾಗೇ ಉಳಿದಿದೆ. ಅಳಿಸದೆ ಬಿಟ್ಟದ್ದೇ ಒಳ್ಳೆಯದಾಯಿತೆನ್ನಬೇಕು. ಇತಿಹಾಸದ ಪಾಠಕ್ಕೆ ಇಂಥ ಗೋಡೆಗಳೂ ಬೇಕು.

ಒಂದು ಬಡಾವಣೆಯ ಗಲಭೆ

ಎರಡನೆಯ ಮಹಾಯುದ್ಧದ ಅನಂತರ ಬಂದ ಇಟಲಿಯವರು ಮೇನ್ ಬೀದಿಯನ್ನು ಬಿಟ್ಟು ಈಶಾನ್ಯದ ಸೇಂಟ್ ಲೆನಾರ್ಡ್ ಎಂಬ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡರು. ನೆರೆಯವರು ಫ್ರೆಂಚರು. ಇಬ್ಬರೂ ಕ್ಯಾಥೊಲಿಕರೇ. ಆದರೆ ಇಟಲಿಯ ತಂದೆತಾಯಿಗಳು ಮಕ್ಕಳಿಗೆ ಇಂಗ್ಲಿಷ್ ಬೇಕೆಂದರು. ಅವರ ತರ್ಕ ಸರಳವಾಗಿತ್ತು. ಬಹುಸಂಖ್ಯಾತರ ಭಾಷೆ ಫ್ರೆಂಚಾದರೂ ಸಂಬಳದ ಭಾಷೆ ಇಂಗ್ಲಿಷ್.

ಅವರ ಎಣಿಕೆ ತಪ್ಪಾಗಿರಲಿಲ್ಲ. ಕೆನಡಾ ಸರ್ಕಾರ ನೇಮಿಸಿದ ಭಾಷಾ ಆಯೋಗವೊಂದು 1961ರ ಜನಗಣತಿಯ ಅಂಕಿಗಳನ್ನು ಪರಿಶೀಲಿಸಿತು. ಕ್ವಿಬೆಕ್‌ನ 14 ಜನವರ್ಗಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಫ್ರೆಂಚರು ನಿಂತದ್ದು 12ನೆಯ ಸ್ಥಾನದಲ್ಲಿ. ತಮ್ಮದೇ ನೆಲದಲ್ಲಿ! ಪಶ್ಚಿಮ ಭಾಗದ ದೊಡ್ಡ ಅಂಗಡಿಗಳಲ್ಲಿ ಫ್ರೆಂಚಿನಲ್ಲಿ ಕೇಳಿದರೆ ಉತ್ತರ ಸಿಗದ ಕಾಲವದು. ಇನ್ನೊಂದು ಕಡೆ, ದೊಡ್ಡ ಕುಟುಂಬಗಳಿಗೆ ಹೆಸರಾದ ಫ್ರೆಂಚರ ಜನನ ಪ್ರಮಾಣ 1960ರ ದಶಕದಲ್ಲಿ ತಟ್ಟನೆ ಕುಸಿಯಿತು. ವಲಸಿಗರ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಮೂರನ್ನೂ ಕೂಡಿಸಿ ನೋಡಿದವರಿಗೆ ಒಂದೆರಡು ತಲೆಮಾರಿನಲ್ಲಿ ಮಾಂಟ್ರಿಯಲ್ ತಮ್ಮ ಕೈಬಿಡುವುದು ಖಚಿತವೆನಿಸಿತು.

1967ರಲ್ಲಿ ಸೇಂಟ್ ಲೆನಾರ್ಡ್ ಶಾಲಾ ಮಂಡಳಿ ದ್ವಿಭಾಷಾ ತರಗತಿಗಳನ್ನು ಕ್ರಮೇಣ ನಿಲ್ಲಿಸಿ ಫ್ರೆಂಚ್ ಮಾತ್ರ ಇಡಲು ತೀರ್ಮಾನಿಸಿತು. ಇಟಲಿಯವರು ಸಿಡಿದೆದ್ದರು. 1969ರ ಸೆಪ್ಟೆಂಬರ್‌ನಲ್ಲಿ ಎರಡು ಕಡೆಯವರೂ ಬೀದಿಯಲ್ಲಿ ಕೈಮಿಲಾಯಿಸಿದರು, ಗಲಭೆ ನಿಯಂತ್ರಣಕ್ಕೆ ಪೊಲೀಸರು ಇಳಿಯಬೇಕಾಯಿತು. ಆ ವರ್ಷ ಬಂದ ಕಾಯಿದೆ ಪೋಷಕರ ಇಷ್ಟಕ್ಕೇ ಬಿಟ್ಟಿತು. ಫ್ರೆಂಚರು ಒಪ್ಪಲಿಲ್ಲ. 1974ರ ಕಾಯಿದೆ ಫ್ರೆಂಚನ್ನು ಪ್ರಾಂತದ ಅಧಿಕೃತ ಭಾಷೆಯನ್ನಾಗಿಸಿ, ಇಂಗ್ಲಿಷ್ ಶಾಲೆ ಸೇರುವ ಪುಟ್ಟ ಮಕ್ಕಳಿಗೆ ಭಾಷಾ ಪರೀಕ್ಷೆಯನ್ನಿಟ್ಟಿತು. ಇಷ್ಟು ಎಳೆಯರನ್ನು ಪರೀಕ್ಷೆಗೆ ಕೂರಿಸಿದ್ದನ್ನು ಯಾರೂ ಮೆಚ್ಚಲಿಲ್ಲ.

ಕೊನೆಗೆ ರೆನೆ ಲೆವೆಕ್ ಅವರ ಸರ್ಕಾರ 1977ರ ಆಗಸ್ಟ್ 26ರಂದು ಪಾಸು ಮಾಡಿದ್ದೇ ಹೆಸರುವಾಸಿಯಾದ '101ನೇ ಮಸೂದೆ'. ತಂದೆ ಅಥವಾ ತಾಯಿ ಪ್ರಾಂತದಲ್ಲೇ ಇಂಗ್ಲಿಷ್ ಪ್ರಾಥಮಿಕ ಶಾಲೆಯಲ್ಲಿ ಓದಿದ್ದರೆ ಮಕ್ಕಳೂ ಓದಬಹುದು. ಉಳಿದವರೆಲ್ಲ ಪ್ರೌಢಶಾಲೆ ಮುಗಿಯುವತನಕ ಫ್ರೆಂಚ್ ಶಾಲೆಗೇ ಹೋಗಬೇಕು. (ಮುಂದೆ ನ್ಯಾಯಾಲಯದ ತೀರ್ಪಿನಿಂದ ಈ ವಿನಾಯಿತಿ ಕೆನಡಾದ ಬೇರೆ ಕಡೆ ಇಂಗ್ಲಿಷಿನಲ್ಲಿ ಓದಿದವರ ಮಕ್ಕಳಿಗೂ ದೊರೆಯಿತು.) ಅಂಗಡಿಯ ಫಲಕ, ಕಾರ್ಖಾನೆಯ ಕಡತ ಎಲ್ಲ ಫ್ರೆಂಚಿಗೆ ತಿರುಗಿದವು. ರಸ್ತೆಯ ಕೆಂಪು ಫಲಕದಲ್ಲಿ 'ಆರೆ' ಎಂದಿರುತ್ತದೆ. ಫ್ರಾನ್ಸ್ ದೇಶದಲ್ಲೇ ಅಲ್ಲಿ 'ಸ್ಟಾಪ್' ಎಂದು ಬರೆದಿರುತ್ತದೆ!

ಬೆಲೆ ತೆರದೆ ಇದು ಆಗಲಿಲ್ಲ. ದೊಡ್ಡ ವಿಮಾ ಕಂಪೆನಿಯಾದ ಸನ್ ಲೈಫ್ 1978ರಲ್ಲಿ ತನ್ನ ಪ್ರಧಾನ ಕಚೇರಿಯನ್ನು ಟೊರಾಂಟೊಗೆ ಸಾಗಿಸುವುದಾಗಿ ಘೋಷಿಸಿತು. ಇಂಗ್ಲಿಷ್ ಕುಟುಂಬಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಊರು ಬಿಟ್ಟವು. ಮಾಂಟ್ರಿಯಲ್ ಮೊದಲ ನಗರದ ಪಟ್ಟವನ್ನು ಟೊರಾಂಟೊಗೆ ಒಪ್ಪಿಸಿತು, ಆ ಜಾರುವಿಕೆ ಮೊದಲೇ ಪ್ರಾರಂಭವಾಗಿತ್ತಾದರೂ. ಕಾಯಿದೆಯನ್ನು ಧಿಕ್ಕರಿಸಿ ಮಕ್ಕಳನ್ನು ಗುಟ್ಟಾಗಿ ಇಂಗ್ಲಿಷ್ ತರಗತಿಗಳಲ್ಲಿ ಕೂರಿಸಿದ ಪೋಷಕರೂ ಇದ್ದರು. ಪಾಠವನ್ನೇನೋ ಕಲಿತರು, ಆದರೆ ದಾಖಲೆಯಲ್ಲಿ ಹೆಸರಿಲ್ಲದ ಮಕ್ಕಳಿಗೆ ಪ್ರಮಾಣಪತ್ರ ಕೊಡುವವರು ಯಾರು? 1986ರಲ್ಲಿ ಸರ್ಕಾರ ಕ್ಷಮಾದಾನ ನೀಡಿದ ಮೇಲೆಯೇ ಅವರ ಓದಿಗೆ ಲೆಕ್ಕ ಸಿಕ್ಕಿತು. ದೊಡ್ಡವರ ಹಟದಲ್ಲಿ ಸಿಕ್ಕಿಕೊಂಡ ಆ ಮಕ್ಕಳ ವರ್ಷಗಳು ಎಣಿಕೆಗೆ ಬರುವುದು ಅಪರೂಪ.

ನದಿಯಾಚೆಯ ಪ್ರಯೋಗ

ಈ ಜಗಳಗಳ ನಡುವೆಯೇ ನದಿಯ ಆಚೆ ದಡದ ಸೇಂಟ್ ಲ್ಯಾಂಬರ್ಟ್ ಎಂಬ ಪುಟ್ಟ ಊರಿನಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆದಿತ್ತು. ಅಲ್ಲಿನ ಕೆಲವು ಇಂಗ್ಲಿಷ್ ಪೋಷಕರು, ಶಾಲೆಯಲ್ಲಿ ವರ್ಷಗಟ್ಟಲೆ ಫ್ರೆಂಚ್ ವ್ಯಾಕರಣ ಉರುಹೊಡೆದರೂ ಮಕ್ಕಳಿಗೆ ನೆರೆಮನೆಯವರೊಡನೆ ಮಾತಾಡಲು ಬರುವುದಿಲ್ಲವೆಂದು ಬೇಸತ್ತಿದ್ದರು. ಶಿಶುವಿಹಾರದಿಂದಲೇ ಎಲ್ಲವನ್ನೂ ಫ್ರೆಂಚಿನಲ್ಲಿ ಕಲಿಸಿ ಎಂದು ಶಾಲಾ ಮಂಡಳಿಗೆ ದುಂಬಾಲುಬಿದ್ದರು. 1965ರಲ್ಲಿ ಮೊದಲ ತರಗತಿ ಆರಂಭವಾಯಿತು. ಮಗುವನ್ನು ಭಾಷೆಯೊಳಗೆ ಮುಳುಗಿಸುವ ಈ ಪದ್ಧತಿಯನ್ನು 'ಇಮ್ಮರ್ಶನ್' ಎನ್ನುತ್ತಾರೆ.

ಆಗ ತಜ್ಞರಲ್ಲೇ ದೊಡ್ಡ ಅಂಜಿಕೆಯಿತ್ತು. ಎರಡು ಭಾಷೆ ಒಟ್ಟಿಗೆ ಕಲಿತರೆ ಮಗುವಿನ ತಲೆ ಗೊಂದಲಗೊಂಡು ಬುದ್ಧಿ ಕುಂಠಿತವಾಗುತ್ತದೆ ಎಂದು ಹಿಂದಿನ ಹಲವು ಅಧ್ಯಯನಗಳು ಹೇಳಿದ್ದವು. ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಆ ಅಧ್ಯಯನಗಳ ದೋಷವನ್ನು ಗುರುತಿಸಿದರು. ಬಡ ವಲಸಿಗರ ಮಕ್ಕಳನ್ನು ಅನುಕೂಲಸ್ಥರ ಮಕ್ಕಳೊಡನೆ ಹೋಲಿಸಿ, ಬಡತನದ ಪರಿಣಾಮವನ್ನು ಭಾಷೆಯ ತಲೆಗೆ ಕಟ್ಟಿದಂತಾಗಿತ್ತು. ಇವರು ಮಾಂಟ್ರಿಯಲ್‌ನ ಫ್ರೆಂಚ್ ಶಾಲೆಗಳ ಹತ್ತು ವರ್ಷದ ಮಕ್ಕಳನ್ನು, ಮನೆಯ ಸ್ಥಿತಿಗತಿ ಹೊಂದುವಂತೆ ಆರಿಸಿ ಪರೀಕ್ಷಿಸಿದರು. 1962ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಎರಡೂ ಭಾಷೆಯನ್ನು ಸಮನಾಗಿ ಬಲ್ಲವರು ಹಿಂದೆ ಬೀಳುವ ಬದಲು ಮುಂದಿದ್ದರು.

ಇಲ್ಲಿ ಎಚ್ಚರಿಕೆಯೂ ಬೇಕು. ಎರಡು ಭಾಷೆಯಿಂದ ಬುದ್ಧಿ ಬೆಳೆಯಿತೋ, ಚುರುಕಾದವರೇ ಎರಡನ್ನೂ ಚೆನ್ನಾಗಿ ಕಲಿತರೋ ಎಂಬುದನ್ನು ಆ ಒಂದು ಪರೀಕ್ಷೆ ಬಿಡಿಸಿ ಹೇಳಲಾರದು. ಲಾಭ ಎಷ್ಟೆಂಬ ಬಗ್ಗೆ ವಿಜ್ಞಾನಿಗಳ ವಾದ ಇಂದಿಗೂ ನಡೆದಿದೆ. ಹಾನಿಯಿಲ್ಲವೆಂಬುದರಲ್ಲಿ ಮಾತ್ರ ಈಗ ಹೆಚ್ಚಿನ ಅನುಮಾನ ಉಳಿದಿಲ್ಲ. ಇದೇ ಲ್ಯಾಂಬರ್ಟ್ ತಮ್ಮ ಹೆಸರನ್ನೇ ಹೊತ್ತ ಊರಿನ ಆ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಕೆಲವು ವರ್ಷಗಳಲ್ಲಿ ಅವರ ಇಂಗ್ಲಿಷ್ ಓರಗೆಯವರ ಮಟ್ಟಕ್ಕೇ ಇತ್ತು, ಗಣಿತವೂ ಕೆಡಲಿಲ್ಲ. ಫ್ರೆಂಚನ್ನು ಅರ್ಥಮಾಡಿಕೊಳ್ಳುವುದರಲ್ಲಿ ಅವರು ಫ್ರೆಂಚ್ ಮಕ್ಕಳಿಗೆ ಸಮೀಪ ಬಂದರು, ಆಡುಮಾತಿನಲ್ಲಿ ಅಷ್ಟು ಬರಲಿಲ್ಲ. ಆಟದ ಮೈದಾನದಲ್ಲಿ ಫ್ರೆಂಚ್ ಗೆಳೆಯರಿಲ್ಲದಿದ್ದರೆ ನಾಲಿಗೆ ಹೊರಳುವುದೆಲ್ಲಿಂದ? ಇಂದು ಕೆನಡಾದಾದ್ಯಂತ ಲಕ್ಷಗಟ್ಟಲೆ ಮಕ್ಕಳು ಈ ಪದ್ಧತಿಯಲ್ಲಿ ಓದುತ್ತಿದ್ದಾರೆ.

ಮೆಕ್‌ಗಿಲ್ ಇರುವುದು ಮೇನ್ ಬೀದಿಯ ಪಶ್ಚಿಮಕ್ಕೆ, ಗುಡ್ಡದ ತಪ್ಪಲಿನಲ್ಲಿ. ಅಲ್ಲಿಗೆ ಬಂದ ಮೇಲೆ ವಿಜ್ಞಾನದ ವಿದ್ಯಾರ್ಥಿ ರುದರ್‌ಫೋರ್ಡ್‌ರನ್ನು ನೆನೆಯದೆ ಹೋಗಲಾದೀತೆ? 1898ರಿಂದ 1907ರವರೆಗೆ ಅವರು ಇಲ್ಲಿದ್ದರು. ಒಂದು ಧಾತು ತಾನಾಗಿಯೇ ಒಡೆದು ಇನ್ನೊಂದಾಗುತ್ತದೆಂದು ಸಾಡಿಯವರೊಡನೆ ಕಂಡುಕೊಂಡದ್ದು ಇಲ್ಲಿಯೇ. ಕಾಂತೀಯ ಪ್ರಯೋಗಗಳಿಗೆ ಅಡ್ಡಿಯಾಗದಿರಲೆಂದು ಆ ಭೌತಶಾಸ್ತ್ರ ಕಟ್ಟಡದಲ್ಲಿ ಕಬ್ಬಿಣವನ್ನು ದೂರವಿಟ್ಟು ಮರ, ತಾಮ್ರ, ಹಿತ್ತಾಳೆ ಬಳಸಿದ್ದರು. ಹಣ ಕೊಟ್ಟ ಮೆಕ್‌ಡೊನಾಲ್ಡ್ ತಂಬಾಕಿನ ವ್ಯಾಪಾರಿ, ಆದರೆ ಧೂಮಪಾನವೆಂದರೆ ಅವರಿಗೆ ಆಗದು!

ಬೇಲಿಯ ಈಚೆ, ಬೇಲಿಯ ಆಚೆ

ಪೂರ್ವದ ತುದಿಯಲ್ಲಿರುವ ಹೊಚೆಲಾಗಾ-ಮೇಸೊನ್ಯವ್ ಫ್ರೆಂಚ್ ಕಾರ್ಮಿಕರ ಹಳೆಯ ಬಡಾವಣೆ. 1976ರ ಒಲಿಂಪಿಕ್ ಕ್ರೀಡಾಂಗಣ ಅಲ್ಲಿಯೇ ಇದೆ. ಅದರ ಸಾಲ ತೀರಿದ್ದು 2006ರಲ್ಲಿ. ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ನಡೆದದ್ದೂ ಮಾಂಟ್ರಿಯಲ್‌ನಲ್ಲಿಯೇ. ಕೊಡಗಿನ ಬಿ.ಪಿ. ಗೋವಿಂದ ಇದ್ದ ಭಾರತ ತಂಡ ಏಳನೆಯ ಸ್ಥಾನಕ್ಕಿಳಿದ ಕಹಿ ನೆನಪು ಹಿರಿಯರಿಗೆ ಇನ್ನೂ ಇರಬಹುದು.

ಇಂದಿನ ಹೊಸಬರ ಕೇರಿಗಳು ಮೇನ್ ಬೀದಿಯಿಂದ ಚದುರಿವೆ. ಅಲ್ಲಿಗೆ ಒಯ್ಯುವುದು 1966ರಲ್ಲಿ ಪ್ರಾರಂಭವಾದ ಮೆಟ್ರೊ ರೈಲು. ಇದರ ಗಾಲಿಗಳು ರಬ್ಬರಿನವು. ಸದ್ದು ಕಡಿಮೆ, ಏರು ಹತ್ತುವ ಹಿಡಿತ ಹೆಚ್ಚು. ಆದರೆ ಹಿಮದಲ್ಲಿ ಜಾರುವುದರಿಂದ ಇಡೀ ಮಾರ್ಗ ನೆಲದಡಿಯಲ್ಲೇ ಇದೆ. ವರ್ಷಕ್ಕೆ ಸುಮಾರು ಎರಡು ಮೀಟರ್ ಹಿಮ ಬೀಳುವ ಊರಿನಲ್ಲಿ ಅದೇ ಜಾಣತನ. 1970ರ ದಶಕದ ಗಾಡಿಗಳು ಹೊರಡುವಾಗ ಮೂರು ಸ್ವರ ನುಡಿಯುತ್ತವೆ. ಸಂಗೀತಗಾರರು ಕೂರಿಸಿದ್ದಲ್ಲ ಅದು. ಮೋಟಾರಿಗೆ ವಿದ್ಯುತ್ತನ್ನು ಒಮ್ಮೆಲೇ ನುಗ್ಗಿಸದೆ ತುಂಡುತುಂಡಾಗಿ ಹರಿಸುವ ಉಪಕರಣದ ಸದ್ದು. ಜನ ಅದನ್ನು ಎಷ್ಟು ಹಚ್ಚಿಕೊಂಡರೆಂದರೆ, ಹೊಸ ಗಾಡಿಗಳಲ್ಲಿ ಬಾಗಿಲು ಮುಚ್ಚುವಾಗ ಅದೇ ಮೂರು ಸ್ವರಗಳನ್ನು ಬೇಕೆಂದೇ ನುಡಿಸುತ್ತಾರೆ.

ನೀಲಿ ಮಾರ್ಗದಲ್ಲಿ ಹೋದರೆ ಪಾರ್ಕ್ ಎಕ್ಸ್‌ಟೆನ್ಶನ್ ಸಿಗುತ್ತದೆ. ಒಂದೂವರೆ ಚದರ ಕಿಲೋಮೀಟರಿನ ಆಸುಪಾಸಿನ ಜಾಗದಲ್ಲಿ ಮೂವತ್ತು ಸಾವಿರದಷ್ಟು ಜನ. ಮೊದಲು ಗ್ರೀಕರ ಕೇರಿಯಾಗಿದ್ದದ್ದು ಈಗ ಪಂಜಾಬಿ, ಬಂಗಾಳಿ, ತಮಿಳು, ಗುಜರಾತಿ ಮಾತಾಡುವವರದಾಗಿದೆ. ದೋಸೆಯ ಹೋಟೆಲು, ಸೀರೆಯ ಅಂಗಡಿ, ಗುರುದ್ವಾರ ಎಲ್ಲ ಉಂಟು. ಎರಡು ಕಡೆ ರೈಲುಹಳಿ, ಒಂದು ಕಡೆ ಹೆದ್ದಾರಿ. ನಾಲ್ಕನೆಯ ಕಡೆ, ಸ್ಥಿತಿವಂತರ ಮೌಂಟ್ ರಾಯಲ್ ಪಟ್ಟಣದ ಅಂಚಿನಲ್ಲಿ 1960ರಲ್ಲಿ ಉದ್ದನೆಯ ಬೇಲಿಯೊಂದು ಎದ್ದಿತು. ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಹಬ್ಬದ ಸಂಜೆ ಆ ಬೇಲಿಯ ಗೇಟುಗಳಿಗೆ ಬೀಗ ಹಾಕಿದ್ದುಂಟು. ಬಡವರ ಮಕ್ಕಳು ಈಚೆಗೆ ಬಾರದಿರಲಿ ಎಂದು! ಭಾಷೆಯ ಗಡಿಗಿಂತ ಹಣದ ಗಡಿ ಕೆಲವೊಮ್ಮೆ ಗಟ್ಟಿ. 2019ರಲ್ಲಿ ಪಕ್ಕದಲ್ಲೇ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ವಿಜ್ಞಾನ ವಿಭಾಗಗಳ ಹೊಸ ಆವರಣ ತೆರೆದ ಮೇಲೆ ಬಾಡಿಗೆ ಏರತೊಡಗಿ, ಇಲ್ಲಿಂದ ಮುಂದೆಲ್ಲಿಗೆ ಎಂಬ ಚಿಂತೆ ಈ ಕುಟುಂಬಗಳನ್ನು ಹಿಡಿದಿದೆ.

ಇನ್ನೂ ಪೂರ್ವಕ್ಕಿರುವ ಸೇಂಟ್ ಮೈಕೆಲ್‌ನಲ್ಲಿ ಹೈಟಿಯವರು ಹೆಚ್ಚು. ಸರ್ವಾಧಿಕಾರಿ ದುವಾಲಿಯೆಯ ಕಾಟಕ್ಕೆ 1960ರ ದಶಕದಲ್ಲಿ ಮೊದಲು ಓಡಿಬಂದವರು ವೈದ್ಯರು, ಶಿಕ್ಷಕರು. ಕ್ವಿಬೆಕ್ ಆಗತಾನೆ ಶಾಲೆಗಳನ್ನು ಚರ್ಚಿನ ಕೈಯಿಂದ ಬಿಡಿಸಿಕೊಳ್ಳುತ್ತಿತ್ತು, ಫ್ರೆಂಚ್ ಬಲ್ಲ ಶಿಕ್ಷಕರು ಬೇಕಾಗಿದ್ದರು. 1976ರಲ್ಲಿ ಬಂದು ಕಾರ್ಖಾನೆಯಲ್ಲಿ ಕೂಲಿ ಮಾಡಿದ ಡ್ಯಾನಿ ಲಾಫೆರಿಯೇರ್ ಮುಂದೆ ಕಾದಂಬರಿಕಾರರಾಗಿ 2013ರಲ್ಲಿ ಪ್ಯಾರಿಸಿನ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ಅವರ ಪಕ್ಕದಲ್ಲೇ ಅಲ್ಜೀರಿಯಾ, ಮೊರಾಕೊದವರ 'ಪುಟ್ಟ ಮಘ್ರೆಬ್'.

ಈಗ ವಲಸಿಗರ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಓದುವುದು ಫ್ರೆಂಚ್ ಶಾಲೆಯಲ್ಲಿ. ಭಾಷೆ ಬಾರದವರನ್ನು ಮೊದಲು 'ಸ್ವಾಗತ ತರಗತಿ'ಯಲ್ಲಿ ಕೂರಿಸಿ ಫ್ರೆಂಚ್ ಕಲಿಸುತ್ತಾರೆ. ಪಾರ್ಕ್ ಎಕ್ಸ್‌ಟೆನ್ಶನ್‌ನ ಹುಡುಗಿ ಅಜ್ಜಿಯೊಡನೆ ತ. ಮಿಳಿನಲ್ಲಿ, ಮೇಷ್ಟರೊಡನೆ ಫ್ರೆಂಚಿನಲ್ಲಿ, ಗೆಳತಿಯರೊಡನೆ ಇಂಗ್ಲಿಷಿನಲ್ಲಿ ಮಾತಾಡುವುದು ಅಲ್ಲಿ ಸೋಜಿಗವಲ್ಲ. ಪ್ರಗತಿಪತ್ರ ಬಂದಾಗ ಅದನ್ನು ಅಪ್ಪನಿಗೆ ಓದಿ ಹೇಳುವವಳೂ ಅವಳೇ, ಆಸ್ಪತ್ರೆಯಲ್ಲಿ ಅಮ್ಮನ ಪರವಾಗಿ ಮಾತಾಡುವವಳೂ ಅವಳೇ. ಹತ್ತು ವರ್ಷದ ಹೆಗಲಿಗೆ ಅದು ಹಗುರ ಹೊರೆಯಲ್ಲ. ಮನೆಯ ಭಾಷೆಗೆ ಮಾತ್ರ ಶಾಲೆಯ ಆಸರೆ ಕಡಿಮೆ, ವಾರಾಂತ್ಯದ ತರಗತಿಗಳಲ್ಲಿ ಅಷ್ಟಿಷ್ಟು ಉಳಿದರೆ ಉಂಟು.

ಹಾಗೆಂದು ಜಗಳ ಮುಗಿದಿಲ್ಲ. ಅಂಗಡಿಯವರು ಗಿರಾಕಿಯನ್ನು 'ಬೋಂಜೂರ್-ಹಾಯ್' ಎಂದು ಎರಡೂ ಭಾಷೆಯಲ್ಲಿ ಸ್ವಾಗತಿಸುವುದು ಮಾಂಟ್ರಿಯಲ್‌ನ ವಾಡಿಕೆ. ಬರಿಯ 'ಬೋಂಜೂರ್' ಸಾಕೆಂದು 2017ರಲ್ಲಿ ಪ್ರಾಂತದ ಶಾಸನಸಭೆ ಅವಿರೋಧವಾಗಿ ಗೊತ್ತುವಳಿ ಮಾಡಿತು. ಗೊತ್ತುವಳಿಗೆ ಕಾಯಿದೆಯ ಬಲವಿಲ್ಲ, ಅಂಗಡಿಯವರು ತಮ್ಮ ಪಾಡಿಗೆ ತಾವು 'ಹಾಯ್' ಸೇರಿಸುತ್ತಲೇ ಇದ್ದಾರೆ. 2022ರ ಹೊಸ ಕಾಯಿದೆ ಇನ್ನಷ್ಟು ಗಂಭೀರ. ಅಲ್ಲಿ ಹನ್ನೊಂದನೆಯ ತರಗತಿಯಾದ ಮೇಲೆ ನಮ್ಮ ಪಿ.ಯು.ಸಿ.ಯನ್ನು ಹೋಲುವ ಎರಡು ವರ್ಷದ ಕಾಲೇಜಿದೆ. ಆ ಹಂತದಲ್ಲಿ ಭಾಷೆಯ ಆಯ್ಕೆ ವಿದ್ಯಾರ್ಥಿಗೇ ಬಿಟ್ಟದ್ದಾಗಿತ್ತು. ಫ್ರೆಂಚ್ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳು ಇಂಗ್ಲಿಷ್ ಕಾಲೇಜನ್ನು ಆರಿಸುವುದನ್ನು ಕಂಡ ಸರ್ಕಾರ ಇಂಗ್ಲಿಷ್ ಕಾಲೇಜುಗಳ ಸೀಟುಗಳಿಗೆ ಮಿತಿ ಹಾಕಿತು. ಹದಿನೇಳರ ಹುಡುಗರ ಆಯ್ಕೆಯನ್ನು ಹೀಗೆ ಕಟ್ಟಿಹಾಕುವುದು ಅತಿಯಾಯಿತೆಂದು ಫ್ರೆಂಚರಲ್ಲೇ ಕೆಲವರು ಹೇಳುತ್ತಾರೆ. ಇಂಗ್ಲಿಷಿನ ಕಡಲು ಸುತ್ತಲೂ ಇರುವಾಗ ಕಟ್ಟೆ ಎತ್ತರಿಸದೆ ಗತಿಯಿಲ್ಲವೆಂದು ಇನ್ನುಳಿದವರು. ಎರಡು ಮಾತಿನಲ್ಲೂ ಸತ್ಯವಿರುವುದರಿಂದಲೇ ಅದು ತೀರದ ವ್ಯಾಜ್ಯ.

ಇದೆಲ್ಲವನ್ನೂ ಬೀದಿಯಲ್ಲೇ ಒಟ್ಟಿಗೆ ನೋಡಬೇಕೆಂದರೆ ಜುಲೈ 1ರಂದು ಹೋಗಬೇಕು. ಬಾಡಿಗೆ ಕರಾರುಗಳು ಬಹುಪಾಲು ಹಿಂದಿನ ದಿನವೇ ಮುಗಿಯುವುದರಿಂದ ಆ ಒಂದೇ ದಿನ ಸಾವಿರಾರು ಕುಟುಂಬಗಳು ಮನೆ ಬದಲಾಯಿಸುತ್ತವೆ. ಹಳೆಯ ಬಡಾವಣೆಗಳಲ್ಲಿ ಮಹಡಿ ಮನೆಗಳ ಮೆಟ್ಟಿಲು ಹೊರಗಡೆ, ಅದೂ ಸುರುಳಿಯಾಗಿ. ಆ ಕಬ್ಬಿಣದ ಸುರುಳಿಯಲ್ಲಿ ಫ್ರಿಜ್ಜನ್ನು ಇಳಿಸುವವರು, ಮಂಚ ಹತ್ತಿಸುವವರು, ನಾಲ್ಕು ಭಾಷೆಯ ಬೈಗುಳ. ಹಿಂದೆ ಈ ದಿನ ಮೇ 1ರಂದು ಬರುತ್ತಿತ್ತು. ಶಾಲೆ ಇನ್ನೂ ನಡೆಯುತ್ತಿರುವಾಗ ಮನೆ ಬದಲಾದರೆ ಮಕ್ಕಳು ನಡುವೆಯೇ ಶಾಲೆ ಬಿಡಬೇಕಾಗುತ್ತಿತ್ತು. 1970ರ ದಶಕದಲ್ಲಿ, ಶಾಲೆಯ ಭಾಷೆಗಾಗಿ ಊರೆಲ್ಲ ಕಾದಾಡುತ್ತಿದ್ದ ಅದೇ ವರ್ಷಗಳಲ್ಲಿ, ಯಾರೂ ತಕರಾರು ತೆಗೆಯದಂತೆ ತಾರೀಖನ್ನು ಎರಡು ತಿಂಗಳು ಮುಂದಕ್ಕೆ ಹಾಕಲಾಯಿತು.